ಊರಿನ ಹಸಿ ಕಸದ ಎರೆಗೊಬ್ಬರ: ಹುಳುವಿನ ಕೆಲಸ ಪೂರ್ತಿ, ಜರಡಿಯ ಕೆಲಸ ಬಾಕಿ

ಉತ್ತರ ಕನ್ನಡದ ಕರಾವಳಿಯ ಒಂದು ಪಟ್ಟಣದಲ್ಲಿ ಮನೆಮನೆಯಿಂದ ಬರುವ ಹಸಿ ಕಸವನ್ನು ಎರೆಹುಳುಗಳಿಗೆ ಉಣಿಸಿ ತಯಾರಿಸಿದ ಗೊಬ್ಬರವನ್ನು ಕಸ ವಿಲೇವಾರಿ ಘಟಕದ ಬಾಗಿಲಲ್ಲೇ ಮಾರುತ್ತಾರೆ. ಕಿಲೋಗೆ 10 ರೂಪಾಯಿ. 25 ಕಿಲೋದ ಹೊಲಿದ ಚೀಲ ಸಿಗುತ್ತದೆ, ಖಾಲಿ ಚೀಲ ಒಯ್ದವರಿಗೆ ಬಿಡಿಯಾಗಿ ತೂಗಿಯೂ ಕೊಡುತ್ತಾರೆ. ಮಳೆಗಾಲದ ನಡುವೆ ತಂದ ಸರಕನ್ನೂ ಮಳೆ ಹಿಂದೆ ಸರಿದ ಮೇಲೆ ತಂದ ಸರಕನ್ನೂ ಬಸಳೆ ಚಪ್ಪರದ ಬುಡಕ್ಕೆ, ಹರಿವೆ ಮಡಿಗೆ, ಕಾಳುಮೆಣಸಿನ ಬಳ್ಳಿ ನೆಟ್ಟ ಪ್ಲಾಸ್ಟಿಕ್ ಕೊಟ್ಟೆಗಳಿಗೆ ಮತ್ತು ಕೆಲವು ಅಡಿಕೆ ಮರಗಳಿಗೆ ಹಾಕಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳು ಅದೊಂದೇ ಘಟಕದವಲ್ಲ, ಹಸಿ ಕಸದಿಂದ ಎರೆಗೊಬ್ಬರ ಮಾಡುವ ಯಾವ ಊರಿನಲ್ಲಿಯೂ ಕಾಣಬಹುದಾದಂಥವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುಳು ಮಾಡಬೇಕಾದ ಕೆಲಸ ಇಲ್ಲಿ ಚೆನ್ನಾಗಿಯೇ ಆಗಿದೆ. ಮನುಷ್ಯರು ಮಾಡಬೇಕಾದ ಕೆಲಸಗಳು, ಎಂದರೆ ಹುಳುವಿಗೆ ಹಾಕುವ ಮುನ್ನ ಕಸ ಬೇರ್ಪಡಿಸಿ ರಾಶಿಯಲ್ಲಿ ತಾನಾಗಿ ಬಿಸಿಯೇರಲು ಬಿಡುವುದು ಮತ್ತು ಹುಳು ತಿಂದು ಮುಗಿಸಿದ ಮೇಲೆ ಒಣಗಿಸಿ ಜರಡಿ ಹಿಡಿಯುವುದು, ಅರ್ಧಕ್ಕೆ ನಿಂತಿವೆ. ಹಾಗಿದ್ದೂ ಇದು ಕೊಳ್ಳಬಹುದಾದ ಗೊಬ್ಬರವೇ. ಆದರೆ ಯಾವ ತಿಂಗಳಲ್ಲಿ, ಯಾವ ಬೆಳೆಗೆ, ಎಷ್ಟು ಎಂಬುದನ್ನು ತಿಳಿದುಕೊಂಡು ಕೊಳ್ಳಬೇಕು.

ಮಳೆ ಕಳೆದ ಮೇಲೆ ತಂದ ಚೀಲದಿಂದ ಆರಂಭಿಸುತ್ತೇನೆ. ಬಾಯಿ ಬಿಚ್ಚಿದಾಗ ಕೊಳೆತ ವಾಸನೆ ಇರಲಿಲ್ಲ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯಿತ್ತು. ಬಣ್ಣ ಕಪ್ಪಿಗೆ ಹತ್ತಿರದ ಕಂದು. ಕಾಳು ಕಾಳಾಗಿ ಉದುರುವ ಹದ ಚಹಾಪುಡಿಯನ್ನು ನೆನಪಿಸುತ್ತದೆ. ಬೆರಳ ನಡುವೆ ತಿಕ್ಕಿದರೆ ಬಾಳೆಎಲೆಯದಾಗಲಿ ತರಕಾರಿ ಸಿಪ್ಪೆಯದಾಗಲಿ ಗುರುತು ಹಿಡಿಯಬಹುದಾದ ತುಣುಕು ಸಿಗಲಿಲ್ಲ. ಎರೆಹುಳುವಿನ ಹೊಟ್ಟೆಯಲ್ಲಿ ಮಣ್ಣಿನ ಕಣಗಳ ಜತೆ ಅರೆದು, ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು, ಲೋಳೆಯ ಜತೆ ಹೊರಬಿದ್ದ ಹಿಕ್ಕೆಗೆ ಇರಬೇಕಾದ ಲಕ್ಷಣಗಳೆಲ್ಲ ಇದಕ್ಕಿದ್ದವು. ಅಲ್ಲಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ತಿಳಿ ಹಳದಿಯ ಮೊಟ್ಟೆಕೋಶಗಳೂ ಕಂಡವು. ಅವನ್ನು ಕಸವೆಂದು ಆರಿಸಿ ಎಸೆಯಬಾರದು. ಒಂದೊಂದರಿಂದ ಒಂದಕ್ಕಿಂತ ಹೆಚ್ಚು ಮರಿಗಳು ಹೊರಡುವುದುಂಟು.

ಅದೇ ಚೀಲದ ಗೊಬ್ಬರವನ್ನು ಮನೆಯ ಜರಡಿಯಲ್ಲಿ ಹಿಡಿದು ನೋಡಿದಾಗ ಮೇಲೆ ಉಳಿದದ್ದು ಬೇರೆಯೇ ಕಥೆ ಹೇಳಿತು. ತೆಂಗಿನ ಕರಟದ ಚೂರು, ಬಳಚಿನ ಚಿಪ್ಪು, ಮಾವಿನ ಗೊರಟಿನ ನಾರು ಇದ್ದವು, ಅವುಗಳ ಬಗ್ಗೆ ತಕರಾರಿಲ್ಲ. ಚಿಪ್ಪಂತೂ ಸುಣ್ಣದ್ದೇ ರೂಪ, ನಮ್ಮ ಹುಳಿ ಮಣ್ಣಿಗೆ ಅದರಿಂದ ಕೇಡಿಲ್ಲ. ತಕರಾರು ಇರುವುದು ಉಳಿದವುಗಳ ಬಗ್ಗೆ. ರಬ್ಬರ್ ಬ್ಯಾಂಡು, ಸ್ಟೇಪ್ಲರ್ ಪಿನ್ನು, ಸೇಬಿನ ಮೇಲಿನ ಸ್ಟಿಕ್ಕರ್, ಹೂವಿನ ದಂಡೆಯ ನೈಲಾನ್ ದಾರ, ಶಾಂಪೂ ಪೊಟ್ಟಣದ ಅಂಚು, ಇವೆಲ್ಲಕ್ಕಿಂತ ಹೆಚ್ಚಾಗಿ ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿ ತೆಗೆದ ತ್ರಿಕೋನ ಮೂಲೆಗಳು. ಈ ಮೂಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ಯಾಕೆಟ್ಟನ್ನು ತೊಳೆದು ಒಣ ಕಸಕ್ಕೆ ಇಡುವ ಶಿಸ್ತಿನ ಮನೆಯಲ್ಲಿಯೂ ಕತ್ತರಿಸಿದ ಮೂಲೆ ಕಟ್ಟೆಯ ಮೇಲೆ ಬಿದ್ದು, ಚಹಾದ ಚರಟದ ಜತೆ ಒರೆಸಿಕೊಂಡು ಹಸಿ ಕಸದ ಬಕೆಟ್ಟಿಗೆ ಹೋಗುತ್ತದೆ. ಹುಳು ಅದನ್ನು ಮುಟ್ಟುವುದಿಲ್ಲ. ಜರಡಿಯ ಕಣ್ಣು ದೊಡ್ಡದಿದ್ದರೆ ಅದು ಸಲೀಸಾಗಿ ಗೊಬ್ಬರದ ಜತೆ ಇಳಿದು ನಮ್ಮ ತೋಟ ಸೇರುತ್ತದೆ. ಒಂದೆರಡು ಗಾಜಿನ ಚೂರುಗಳೂ ಸಿಕ್ಕಿದವು. ಬರಿಗೈಯಲ್ಲಿ ಮಡಿ ಕೆದಕುವವರಿರುವ ಮನೆಗೆ ಇದು ಸಣ್ಣ ವಿಷಯವಲ್ಲ.

ಇದನ್ನು ಅಳೆಯಲು ನಮ್ಮಲ್ಲಿ ಮಾನದಂಡವಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಎರೆಗೊಬ್ಬರಕ್ಕೆ ಪ್ರತ್ಯೇಕ ವಿವರಣೆ ಇದೆ. ತೇವಾಂಶ ಶೇ 15ರಿಂದ 25ರ ಒಳಗಿರಬೇಕು, ದುರ್ವಾಸನೆ ಇರಬಾರದು, ಕನಿಷ್ಠ ಶೇ 90 ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ಸಾವಯವ ಇಂಗಾಲ ಶೇ 18ಕ್ಕೆ, ಸಾರಜನಕ ಶೇ 1ಕ್ಕೆ, ರಂಜಕ ಮತ್ತು ಪೊಟ್ಯಾಷ್ ತಲಾ ಶೇ 0.8ಕ್ಕೆ ಕಡಿಮೆ ಇರಬಾರದು. ಭಾರ ಲೋಹಗಳಿಗೂ ಮಿತಿಯಿದೆ: ಕಿಲೋ ಗೊಬ್ಬರದಲ್ಲಿ ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕೆಲ್ 50, ಸೀಸ 100 ಮಿಲಿಗ್ರಾಂ ಮೀರಬಾರದು. ಹುಳು ಬಿಡದೆ ಬರೀ ರಾಶಿ ಹಾಕಿ ಕೊಳೆಸಿದ ನಗರ ಕಾಂಪೋಸ್ಟಿಗೆ ಅದೇ ಆದೇಶದಲ್ಲಿ ಬೇರೆಯೇ ವಿವರಣೆಯಿದೆ. ಎರಡನ್ನೂ ಒಂದೇ ಎಂದು ತಿಳಿದು ದರ ಹೋಲಿಸುವವರು ಇದನ್ನು ಗಮನಿಸಬೇಕು. ನಾನು ತಂದ ಚೀಲದ ಮೇಲೆ ‘ಸಾವಯವ ಎರೆಗೊಬ್ಬರ’ ಎಂಬ ಎರಡು ಪದ, ಒಂದು ಹಸಿರು ಎಲೆಯ ಚಿತ್ರ ಮತ್ತು ತೂಕ ಬಿಟ್ಟರೆ ಬೇರೇನೂ ಮುದ್ರಿತವಾಗಿಲ್ಲ. ತಯಾರಾದ ತಿಂಗಳಿಲ್ಲ, ಪೋಷಕಾಂಶದ ಪ್ರಮಾಣವಿಲ್ಲ. ಪರೀಕ್ಷೆಯ ವರದಿ ಕೇಳಿದಾಗ ‘ಕಚೇರಿಯಲ್ಲಿರಬೇಕು’ ಎಂಬ ಉತ್ತರ ಬಂತು. ಕಚೇರಿಯಲ್ಲಿ ವಿಚಾರಿಸಿದಾಗ ಅದು ಘಟಕದಲ್ಲಿದೆ ಎಂದರು.

ಲೋಹದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎರೆಹುಳು ಕಸವನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಕೊಳೆಯುವ ವಸ್ತುವಿನ ಮಟ್ಟಿಗೆ ಅದು ಸರಿಯೇ. ಸೀಸ ಮತ್ತು ಕ್ಯಾಡ್ಮಿಯಂ ಕೊಳೆಯುವ ವಸ್ತುಗಳಲ್ಲ. ಹುಳುವಿನ ಮೈಯಲ್ಲಿ ಒಂದಷ್ಟು ಸೇರಿಕೊಂಡರೂ ಉಳಿದದ್ದು ಗೊಬ್ಬರದಲ್ಲೇ ಇರುತ್ತದೆ. ಹಸಿ ಕಸದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದರಿಂದಲೂ, ಇಂಗಾಲದ ಒಂದು ಭಾಗ ಗಾಳಿಗೆ ಹೋಗುವುದರಿಂದಲೂ ರಾಶಿ ಕುಗ್ಗುತ್ತದೆ, ಕುಗ್ಗಿದಷ್ಟೂ ಲೋಹದ ಪ್ರಮಾಣ ಏರುತ್ತದೆ. ಆದ್ದರಿಂದ ಹಳೆಯ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಪೇಂಟಿನ ಡಬ್ಬಿಗಳು ಹಸಿ ಕಸದ ಹತ್ತಿರವೂ ಸುಳಿಯದಂತೆ ನೋಡಿಕೊಳ್ಳುವುದು ಹುಳುವಿನ ಕೆಲಸವಲ್ಲ, ಮನೆಯವರ ಮತ್ತು ಗಾಡಿಯವರ ಕೆಲಸ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಮೂಲದಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದರ ಹಿಂದೆ ಈ ಕಾರಣವೂ ಇತ್ತು. ನಮ್ಮ ಬೀದಿಯಲ್ಲಿ ಗಾಡಿ ಬಂದಾಗ ಎರಡು ಬಕೆಟ್ ಹಿಡಿದು ನಿಲ್ಲುವವರು ಹೆಚ್ಚಾಗಿದ್ದಾರೆ, ಮೂರನೆಯದರ ಸುದ್ದಿ ಯಾರಿಗೂ ಇಲ್ಲ.

ಘಟಕವನ್ನು ಒಳಹೊಕ್ಕು ನೋಡಲು ಯಾರೂ ಅಡ್ಡಿಪಡಿಸುವುದಿಲ್ಲ, ಇದು ಅದರ ದೊಡ್ಡ ಗುಣ. ತಗಡಿನ ಮಾಡಿನ ಕೆಳಗೆ ಇಟ್ಟಿಗೆಯ ತೊಟ್ಟಿಗಳ ಸಾಲು, ಮೇಲೆ ಒದ್ದೆ ಗೋಣಿ, ಸುತ್ತ ಇರುವೆ ಬಾರದಂತೆ ನೀರು ನಿಲ್ಲಿಸುವ ಸಣ್ಣ ಕಾಲುವೆ. ಗಾಡಿಯಿಂದ ಇಳಿದ ಕಸವನ್ನು ಗಮ್‌ಬೂಟು ಮತ್ತು ಕೈಗವಸು ತೊಟ್ಟ ಮಹಿಳೆಯರು ಆರಿಸುತ್ತಾರೆ. ಆರಿಸಿದ್ದನ್ನು ಕೊಚ್ಚಿ, ಸಗಣಿ ನೀರು ಚಿಮುಕಿಸಿ, ಒಣ ಎಲೆಯ ಜತೆ ಪದರ ಪದರವಾಗಿ ರಾಶಿ ಹಾಕಿ ಎರಡು ಮೂರು ವಾರ ಬಿಟ್ಟ ಮೇಲೆ ತೊಟ್ಟಿಗೆ ತುಂಬಿ ಹುಳು ಬಿಡುತ್ತಾರೆ. ಅಲ್ಲಿಂದ ಮುಂದೆ ಒಂದೂವರೆ ಎರಡು ತಿಂಗಳಿಗೆ ಗೊಬ್ಬರ ಸಿದ್ಧವಾಗುತ್ತದೆ. ತೆಗೆಯುವ ಕೆಲವು ದಿನ ಮೊದಲು ನೀರು ಹಾಕುವುದನ್ನು ನಿಲ್ಲಿಸಿ, ಗೊಬ್ಬರವನ್ನು ಬೆಳಕಿನಲ್ಲಿ ಗೋಪುರದಂತೆ ರಾಶಿ ಮಾಡಿದರೆ ಬೆಳಕು ಸಹಿಸದ ಹುಳುಗಳು ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಬಳಿದುಕೊಂಡು ತಳದ ಹುಳುಗಳನ್ನು ಮುಂದಿನ ತೊಟ್ಟಿಗೆ ಹಾಕುತ್ತಾರೆ.

ಈ ಕ್ರಮದಲ್ಲಿ ಎಲ್ಲಿ ಕೊರತೆಯಿದೆ ಎಂಬುದನ್ನು ನನಗೆ ತೋರಿಸಿದ್ದು ಟೊಮೆಟೊ ಸಸಿಗಳು. ಬಸಳೆಯ ಬುಡಕ್ಕೆ ಮಳೆಗಾಲದ ಗೊಬ್ಬರ ಹಾಕಿದ ಸ್ವಲ್ಪ ದಿನಕ್ಕೆ ಅಲ್ಲಿ ಟೊಮೆಟೊ, ಪಪ್ಪಾಯಿ, ಒಂದೆರಡು ಸಿಹಿಗುಂಬಳ ತಾವಾಗಿಯೇ ಹುಟ್ಟಿಕೊಂಡವು. ಮನೆಯವರು ಇದನ್ನು ಲಾಭವೆಂದೇ ಎಣಿಸಿದರು. ನನಗೆ ಹಾಗನ್ನಿಸಲಿಲ್ಲ. ಹಸಿ ಕಸದ ರಾಶಿ ಸರಿಯಾಗಿ ಕಾದು ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೆಯೇ ನಿಂತಿದ್ದರೆ, ಹೊರಗಿನದು ಒಳಗಾಗುವಂತೆ ರಾಶಿಯನ್ನು ಮಗುಚಿದ್ದರೆ, ಟೊಮೆಟೊ ಬೀಜ ಬದುಕುವುದು ಕಷ್ಟ. ಹುಳುವಿನ ತೊಟ್ಟಿಯಲ್ಲಿ ಅಷ್ಟು ಬಿಸಿ ಇರುವಂತಿಲ್ಲ, 35 ಡಿಗ್ರಿ ದಾಟಿದರೆ ಹುಳುಗಳಿಗೇ ಸಂಕಟ. ಹಾಗಾಗಿ ಬೀಜವನ್ನೂ ರೋಗಾಣುವನ್ನೂ ಬಿಸಿಯಿಂದ ಕೊಲ್ಲಲು ಸಿಗುವ ಅವಕಾಶ ಹುಳು ಬಿಡುವ ಮುಂಚಿನ ರಾಶಿಯಲ್ಲಿ ಮಾತ್ರ. ಬೀಜ ಬದುಕಿ ಬಂದಿದೆಯೆಂದರೆ ಆ ಹಂತದಲ್ಲಿ ಅವಸರವಾಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಕಸ ದಿನವೂ ಬರುತ್ತದೆ, ಮಾಡಿನ ಕೆಳಗಿನ ಜಾಗ ಮಾತ್ರ ಇದ್ದಷ್ಟೇ ಇರುತ್ತದೆ. ರಾಶಿಗೆ ಕೊಡಬೇಕಾದ ದಿನಗಳನ್ನು ಕಡಿತ ಮಾಡುವ ಒತ್ತಡ ನನಗೂ ಅರ್ಥವಾಗುತ್ತದೆ. ಆದರೆ ಕೊತ್ತಂಬರಿ, ಮೂಲಂಗಿಯಂತೆ ಹಸಿಯಾಗಿ ತಿನ್ನುವ ಬೆಳೆಗೆ ಈ ಸರಕನ್ನು ಹಾಕಲು ನಾನು ಒಪ್ಪುವುದಿಲ್ಲ. ಬಸಳೆ, ಹರಿವೆ, ಬದನೆ, ಮೊಗೇಕಾಯಿ, ಹೀಗೆ ಬೇಯಿಸಿ ಉಣ್ಣುವಂಥವಕ್ಕೆ ಅಡ್ಡಿಯಿಲ್ಲ.

ತೊಟ್ಟಿಯಲ್ಲಿರುವುದು ಬಹುಪಾಲು ಯೂಡ್ರಿಲಸ್ ಯೂಜೀನಿಯೇ ಜಾತಿಯ ಹುಳು, ಪಶ್ಚಿಮ ಆಫ್ರಿಕಾ ಮೂಲದ್ದು, ನೇರಳೆ ಛಾಯೆಯ ದಪ್ಪ ಮೈ. ಕರಾವಳಿಯ ಸೆಕೆಗೆ ಇದು ಹೊಂದಿಕೊಳ್ಳುತ್ತದೆ, ಚಳಿಗೆ ಸೊರಗುತ್ತದೆ. ಐಸೀನಿಯಾ ಫೆಟಿಡಾ ಚಳಿ ಬಿಸಿ ಎರಡನ್ನೂ ಇದಕ್ಕಿಂತ ಹೆಚ್ಚು ತಾಳಿಕೊಳ್ಳುವ ಜಾತಿಯಾದುದರಿಂದ ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ತೊಟ್ಟಿ ಮಾಡುವವರು ಅದನ್ನೇ ಆರಿಸಿಕೊಳ್ಳುವುದು ಮೇಲು. ನಮ್ಮದೇ ನೆಲದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಕೂಡ ಕಸ ತಿನ್ನುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಆದರೆ ಮಳೆ ಜೋರಾದ ರಾತ್ರಿ ತೊಟ್ಟಿ ಬಿಟ್ಟು ಹೊರಟುಬಿಡುವ ಚಾಳಿ ಅದಕ್ಕಿದೆ. ಇವೆಲ್ಲ ಮೇಲ್ಪದರದಲ್ಲಿ ಕೊಳೆಯುವ ವಸ್ತುವಿನ ನಡುವೆ ಬದುಕುವ ಜಾತಿಗಳು. ಗೊಬ್ಬರದ ಜತೆ ಬಂದ ಹುಳು ತೋಟದ ಮಣ್ಣನ್ನು ಆಳಕ್ಕೆ ಕೊರೆದು ಸಡಿಲಿಸುತ್ತದೆ ಎಂದು ನಂಬಿ ಕೊಂಡರೆ ನಿರಾಶೆ ಖಚಿತ. ಆ ಕೆಲಸ ಮಾಡುವ ಹುಳುಗಳು ಬೇರೆ, ತೋಟದಲ್ಲಿ ಸೊಪ್ಪಿನ ಹೊದಿಕೆಯೂ ತೇವವೂ ಇದ್ದರೆ ಅವು ತಾವಾಗಿ ಬರುತ್ತವೆ. ಚೀಲದ ಹುಳು ತೋಟದಲ್ಲಿ ಬಹುಪಾಲು ಕೆಂಬೂತದ ಪಾಲು.

ಕರಾವಳಿಯ ಹಸಿ ಕಸಕ್ಕೆ ಅದರದೇ ಆದ ತೊಡಕುಗಳಿವೆ. ಮೊದಲನೆಯದು ಮೀನು. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದಂಥ ಊರಿನಲ್ಲಿ ಮೀನಿನ ತಲೆ, ಹುರುಪೆ, ಕರುಳು ಇಲ್ಲದ ಹಸಿ ಕಸ ಎಂಬುದಿಲ್ಲ. ಅದನ್ನು ಹುಳುವಿನ ತೊಟ್ಟಿಗೆ ನೇರವಾಗಿ ಹಾಕಿದರೆ ಅಮೋನಿಯಾ ಎದ್ದು ಹುಳುಗಳು ಸಾಯುತ್ತವೆ, ಬೆಕ್ಕು ಹೆಗ್ಗಣಗಳು ಬಂದು ತೊಟ್ಟಿ ಕೆದರುತ್ತವೆ. ಈ ಘಟಕದವರು ಮಾರುಕಟ್ಟೆಯ ಮೀನಿನ ಕಸವನ್ನು ಪ್ರತ್ಯೇಕ ಗುಂಡಿಗೆ ಕಳಿಸುತ್ತಾರೆ, ಮನೆಗಳಿಂದ ಬರುವ ಅಲ್ಪಸ್ವಲ್ಪ ಮಾತ್ರ ರಾಶಿಗೆ ಸೇರುತ್ತದೆ. ಈ ವಿವೇಕವನ್ನು ಮೆಚ್ಚಬೇಕು. ಮೀನಿನ ಗೊಬ್ಬರವನ್ನು ತೆಂಗಿಗೆ ಹಾಕುವ ರೂಢಿ ನಮ್ಮ ಕರಾವಳಿಗೆ ಹೊಸದಲ್ಲ, ಅದಕ್ಕೆ ಹುಳುವಿನ ಹಂಗು ಬೇಕಿಲ್ಲ. ಎರಡನೆಯದು ಉಪ್ಪು. ಒಣಮೀನು, ಉಪ್ಪಿನಕಾಯಿ, ಖಾನಾವಳಿಯ ಉಳಿದ ಸಾರು ಎಲ್ಲವೂ ಉಪ್ಪನ್ನೇ ತರುತ್ತವೆ, ಅದು ಗೊಬ್ಬರದಲ್ಲಿ ಉಳಿಯುತ್ತದೆ. ಮಳೆಗಾಲದ ಸರಕನ್ನು ಮಣ್ಣು ಬೆರೆಸದೆ ಒಂದು ಕುಂಡದಲ್ಲಿ ತುಂಬಿ ಹರಿವೆ ಬಿತ್ತಿದಾಗ ಬೀಜ ತೇಪೆ ತೇಪೆಯಾಗಿ ಹುಟ್ಟಿತು, ಹುಟ್ಟಿದ್ದರ ಎಲೆಯಂಚು ಹಳದಿಯಾಯಿತು. ಅದೇ ಗೊಬ್ಬರ ಒಂದು ಪಾಲಿಗೆ ಮೂರು ಪಾಲು ಮಣ್ಣು ಬೆರೆಸಿದ ಕುಂಡದಲ್ಲಿ ಸಾಲು ತುಂಬಿ ಬಂತು. ಉಪ್ಪು ಕಾರಣವೋ, ಗೊಬ್ಬರ ಇನ್ನೂ ಪೂರ್ತಿ ಮಾಗದೆ ಉಳಿದ ಅಮೋನಿಯಾ ಕಾರಣವೋ ಎಂಬುದನ್ನು ಕುಂಡ ಹೇಳುವುದಿಲ್ಲ. ಬರೀ ಗೊಬ್ಬರದಲ್ಲಿ ಬೀಜ ಬಿತ್ತಬಾರದು ಎಂಬುದನ್ನಂತೂ ಹೇಳುತ್ತದೆ. ಮೂರನೆಯದಾದ ತೆಂಗಿನ ಸಿಪ್ಪೆ ಮತ್ತು ಸಿಯಾಳದ ಕಾಯಿಗಳನ್ನು ಘಟಕದವರು ಮೊದಲೇ ಎತ್ತಿ ಬದಿಗಿಡುತ್ತಾರೆ, ಅವು ಹುಳುವಿಗೆ ಬೇಗ ಜಗ್ಗುವ ವಸ್ತುಗಳಲ್ಲ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಜತೆ ಬರುವ ಇರಚಲು ತಗಡಿನ ಮಾಡಿನ ಬದಿಯಿಂದ ಒಳಗೆ ಹೊಡೆಯುತ್ತದೆ. ತಾಡಪಾಲು ಕಟ್ಟಿದ್ದರೂ ಹೊರ ಸಾಲಿನ ತೊಟ್ಟಿಗಳು ಒದ್ದೆಯಾಗಿರುತ್ತವೆ. ಹುಳುವಿಗೆ ಬೇಕಾದ ತೇವ ಶೇ 60-70ರ ಆಸುಪಾಸು, ಮಾರುವ ಗೊಬ್ಬರದಲ್ಲಿ ಇರಬೇಕಾದದ್ದು ಶೇ 25ರ ಒಳಗೆ. ಈ ಎರಡರ ನಡುವಿನ ನೀರು ಆರಬೇಕಾದರೆ ನೆರಳಿನಲ್ಲಿ ಹರವಲು ಜಾಗವೂ ಒಣಗಾಳಿಯೂ ಬೇಕು, ಆಷಾಢದಲ್ಲಿ ನಮ್ಮಲ್ಲಿ ಎರಡೂ ಇಲ್ಲ. ಮಳೆಗಾಲದಲ್ಲಿ ತಂದ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿದಾಗ ಉಂಡೆಯಾಗಿ ನಿಂತಿತು, ಬೆರಳ ಸಂದಿಯಲ್ಲಿ ನೀರಿನ ಪಸೆ ಕಂಡಿತು. ತೂಕ ಮಾಡುತ್ತಿದ್ದ ಹೆಂಗಸನ್ನು ‘ಅಕ್ಕಾ, ಇದಕ್ಕಿಂತ ಒಣಗಿದ್ದು ಇಲ್ವಾ?’ ಎಂದು ಕೇಳಿದ್ದಕ್ಕೆ, ‘ಒಣಗಿದ್ದೇ ಬೇಕು ಅಂದ್ರೆ ದೀಪಾವಳಿ ಕಳೆದ ಮೇಲೆ ಬನ್ನಿ, ಈಗ ಒಯ್ದ್ರೆ ನೀರಿಗೇ ದುಡ್ಡು ಕೊಟ್ಟ ಹಾಗೆ’ ಎಂದರು. ಮಾರುವವರ ಬಾಯಲ್ಲಿ ಇಂಥ ಮಾತು ಕೇಳುವುದು ಅಪರೂಪ.

ಅವರ ಲೆಕ್ಕ ಸರಿಯಾಗಿಯೇ ಇದೆ. 10 ಕಿಲೋ ಗೊಬ್ಬರದಲ್ಲಿ ಅರ್ಧ ನೀರೇ ಇದ್ದರೆ ನಮಗೆ ಸಿಗುವ ಒಣ ಸರಕು 5 ಕಿಲೋ, ಕಾಲು ಭಾಗ ನೀರಿದ್ದರೆ ಏಳೂವರೆ ಕಿಲೋ. ಕೊಡುವ ಹಣ ಮಾತ್ರ ಎರಡಕ್ಕೂ 100 ರೂಪಾಯಿ. ಒಣ ತೂಕದ ಮೇಲೆ ನೋಡಿದರೆ ಮೊದಲನೆಯದರ ಬೆಲೆ ಕಿಲೋಗೆ 20 ರೂಪಾಯಿ, ಎರಡನೆಯದರದು 13 ರೂಪಾಯಿ ಚಿಲ್ಲರೆ. ಅಳತೆಯನ್ನು ತೂಕದಿಂದ ಬುಟ್ಟಿಗೆ ಬದಲಾಯಿಸಿದರೂ ಈ ಅನ್ಯಾಯ ಸಾಕಷ್ಟು ಕಡಿಮೆಯಾದೀತು. ಹಳೆಯ ಕಾಲದಲ್ಲಿ ಗೊಬ್ಬರವನ್ನು ಹೆಡಿಗೆ ಲೆಕ್ಕದಲ್ಲಿ ಎಣಿಸುತ್ತಿದ್ದವರು ತಕ್ಕಡಿ ಇಲ್ಲದ್ದಕ್ಕಷ್ಟೇ ಹಾಗೆ ಮಾಡಿರಲಿಕ್ಕಿಲ್ಲ.

ಗಿಡಗಳ ಮೇಲೆ ಕಂಡ ಪರಿಣಾಮದ ಬಗ್ಗೆ ಹೆಚ್ಚು ಉತ್ಪ್ರೇಕ್ಷೆ ಬೇಡ. ಮಳೆ ಕಳೆದ ಮೇಲಿನ ಸರಕು ಹಾಕಿದ ಹರಿವೆ ಮಡಿ ಎದ್ದು ಕಾಣುವಂತೆ ಬಂತು, ಕಾಂಡ ರಸಭರಿತವಾಗಿತ್ತು, ಎರಡನೆಯ ಕೊಯ್ಲಿಗೂ ಎಲೆ ಸಣ್ಣದಾಗಲಿಲ್ಲ. ಬಸಳೆಯಲ್ಲಿಯೂ ವ್ಯತ್ಯಾಸ ಕಂಡಿತು. ಕಾಳುಮೆಣಸಿನ ಕೊಟ್ಟೆಗಳಿಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಎಂಬುದು ರೂಢಿಯ ಮಿಶ್ರಣ. ಗೊಬ್ಬರದ ಪಾಲಿಗೆ ಈ ಎರೆಗೊಬ್ಬರ ಹಾಕಿದವುಗಳಲ್ಲಿ ಬೇರು ದಟ್ಟವಾಗಿ ಹೆಣೆದುಕೊಂಡಿತ್ತು. ಕೊಟ್ಟೆ ಹರಿದು ನೋಡಿದಾಗ ಬಿಳಿ ಬೇರುಗಳ ಜತೆ ಒಂದು ಹಾಲಿನ ಪ್ಯಾಕೆಟ್ಟಿನ ಮೂಲೆಯೂ ಹೆಣೆದುಕೊಂಡಿತ್ತು ಎಂಬುದನ್ನೂ ಹೇಳಬೇಕು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಹೆಚ್ಚಿರುವುದರಿಂದ ಹಾಕಿದ ರಂಜಕವನ್ನು ಮಣ್ಣೇ ಹಿಡಿದಿಟ್ಟುಕೊಳ್ಳುತ್ತದೆ. ಅಂಥಲ್ಲಿ ಸಾವಯವ ವಸ್ತುವಿನ ಜತೆ ಬೆರೆತು ಬರುವ ರಂಜಕ ಬೇರಿಗೆ ಹೆಚ್ಚು ದಕ್ಕುತ್ತದೆ. ಈ ಮಣ್ಣಿಗೆ ಎರೆಗೊಬ್ಬರ ಹೊಂದುವುದಕ್ಕೆ ಅದೊಂದು ಗಟ್ಟಿ ಕಾರಣ.

ಅಡಿಕೆ ತೋಟಕ್ಕೆ ಇದನ್ನೇ ನೆಚ್ಚಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಘಟ್ಟದ ಮೇಲಿನ ನೆಂಟರು ನನ್ನನ್ನು ಕೇಳಿದ್ದಾರೆ. ಲೆಕ್ಕ ಹಾಕಿ ನೋಡೋಣ. ಫಸಲು ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ, ಜತೆಗೆ ಹಸಿರು ಸೊಪ್ಪು ಮತ್ತು ಕಾಂಪೋಸ್ಟ್ ತಲಾ 12 ಕಿಲೋ ಎಂಬುದು ಶಿಫಾರಸು. ರಸಗೊಬ್ಬರ ನಿಯಂತ್ರಣ ಆದೇಶದ ಕನಿಷ್ಠ ಮಟ್ಟದ ಎರೆಗೊಬ್ಬರ 10 ಕಿಲೋ ಹಾಕಿದರೆ ಸಾರಜನಕ 100 ಗ್ರಾಂ, ರಂಜಕ ಮತ್ತು ಪೊಟ್ಯಾಷ್ ತಲಾ 80 ಗ್ರಾಂ ಸಿಗುತ್ತದೆ. ರಂಜಕ ಬೇಕಾದ್ದರ ಎರಡರಷ್ಟಾಯಿತು, ಪೊಟ್ಯಾಷ್ 60 ಗ್ರಾಂ ಕಡಿಮೆಯಾಯಿತು. ಸಾರಜನಕವೂ ಕಾಗದದ ಮೇಲೆ ಸರಿಹೋದಷ್ಟು ಬೇಗ ಮರಕ್ಕೆ ಸಿಗದು, ಸಾವಯವ ರೂಪದಲ್ಲಿರುವುದು ಕರಗಿ ಬರಲು ಸಮಯ ಬೇಕು. ಮರಕ್ಕೆ 100 ರೂಪಾಯಿಯ ಖರ್ಚು. 2.7 ಮೀಟರ್ ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ ಸುಮಾರು 550 ಮರಗಳೆಂದರೆ ಐದೂವರೆ ಟನ್ ಗೊಬ್ಬರ, 55,000 ರೂಪಾಯಿ, ಅದರ ಮೇಲೆ ಘಟ್ಟ ಹತ್ತಿಸುವ ಗಾಡಿ ಬಾಡಿಗೆ. ತೋಟದಲ್ಲೇ ಬಿದ್ದ ಸೋಗೆ ಹಾಳೆ ಇರುವಾಗ, ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಎಂದರೆ ತೋಟಕ್ಕೆ ಸೊಪ್ಪು ತರಲು ಕಾಡು, ಬಿಟ್ಟುಕೊಟ್ಟ ಸೀಮೆಯಲ್ಲಿ ದರಕು (ಉದುರಿದ ಒಣ ಎಲೆ) ಸಿಗುವಾಗ, ಊರಿನ ಕಸದ ಗೊಬ್ಬರವನ್ನು ಆ ಪ್ರಮಾಣದಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಸೋಗೆಯನ್ನೂ ಹಾಳೆಯನ್ನೂ ಕೊಚ್ಚಿ ಸಗಣಿ ಬೆರೆಸಿ ತೋಟದ ಮೂಲೆಯಲ್ಲೇ ಹುಳು ಬಿಟ್ಟರೆ ಪ್ಲಾಸ್ಟಿಕ್ ಇಲ್ಲದ ಗೊಬ್ಬರ ಅಲ್ಲಿಯೇ ತಯಾರಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲೇ ಇರುವುದರಿಂದ ಆ ಕಡೆಯವರಿಗೆ ಸಲಹೆಗೂ ದೂರ ಹೋಗಬೇಕಿಲ್ಲ.

ಸೊಪ್ಪಿನ ಬೆಟ್ಟವಿಲ್ಲದ, ಕೊಟ್ಟಿಗೆಯೂ ಇಲ್ಲದ ಮನೆಗಳವರು ಈ ಗೊಬ್ಬರದ ನಿಜವಾದ ಗಿರಾಕಿಗಳು. ಪಟ್ಟಣದ ಐದು ಸೆಂಟಿನ ಹಿತ್ತಿಲು, ತಾರಸಿಯ ಕುಂಡ, ಮಲ್ಲಿಗೆ ಬಳ್ಳಿ, ಎರಡು ತೆಂಗು, ಒಂದು ಮಾವು ಇರುವವರಿಗೆ ವರ್ಷಕ್ಕೆ ಕೆಲವು ಚೀಲ ಸಾಕು. ಅವರು ಕೊಡುವ ಕಸವೇ ಗೊಬ್ಬರವಾಗಿ ಅವರಲ್ಲಿಗೆ ಮರಳುವುದರಿಂದ, ಗಾಡಿಗೆ ಹಾಕುವಾಗ ಆರಿಸುವ ಮುತುವರ್ಜಿಯೂ ಹೆಚ್ಚೀತು. ಕಸದ ಶುಲ್ಕ ಕಟ್ಟಿದ ರಸೀದಿ ತೋರಿಸಿದವರಿಗೆ ಬೆಲೆಯಲ್ಲಿ ತುಸು ರಿಯಾಯಿತಿ ಕೊಟ್ಟರೆ ಒಳ್ಳೆಯದು ಎಂದು ನಾನು ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಪಕ್ಕದಲ್ಲೇ ಬಾಟಲಿಯಲ್ಲಿ ಮಾರುವ ಎರೆಜಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಳುವಿನ ತೊಟ್ಟಿಯಿಂದ ಸೋಸಿ ತೆಗೆದ ಎರೆಜಲವೇ ಬೇರೆ, ಅರ್ಧ ಕೊಳೆತ ಕಸದ ರಾಶಿಯ ತಳದಿಂದ ಒಸರುವ ಕಪ್ಪು ನೀರೇ ಬೇರೆ. ಇಲ್ಲಿ ಎರಡೂ ಒಂದೇ ಕಾಲುವೆಗೆ ಇಳಿಯುವುದನ್ನು ಕಂಡ ಮೇಲೆ ನಾನು ಬಾಟಲಿ ತರಲಿಲ್ಲ.

ಸೇವೆಯ ವಿಷಯದಲ್ಲಿ, ಕೆಲಸಗಾರರ ನಡವಳಿಕೆಗೆ ಪೂರ್ಣ ಅಂಕ. ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರಿಸುತ್ತಾರೆ, ಗಾಡಿಗೆ ಚೀಲ ಎತ್ತಿಕೊಡುತ್ತಾರೆ. ಮಾರಾಟ ಮಧ್ಯಾಹ್ನದೊಳಗೆ ಮಾತ್ರ, ಅದನ್ನು ಎಲ್ಲಿಯೂ ಬರೆದು ಹಾಕಿಲ್ಲ. ಹಣ ನಗದಾಗಿಯೇ ಕೊಡಬೇಕು, ರಸೀದಿ ಕೇಳಿದರೆ ಮಾತ್ರ ಸಿಗುತ್ತದೆ. ಹೊಲಿದ ಚೀಲಕ್ಕಿಂತ ಬಿಡಿಯಾಗಿ ಕೊಳ್ಳುವುದೇ ಜಾಣತನ, ರಾಶಿಯನ್ನು ಕೈಯಲ್ಲಿ ಹಿಡಿದು ನೋಡಿ ಒಳ ಸಾಲಿನ ತೊಟ್ಟಿಯದನ್ನು ಆರಿಸಿಕೊಳ್ಳಬಹುದು. ಜರಡಿ ಎರಡು ಇವೆ. ದೊಡ್ಡ ಕಣ್ಣಿನದರಲ್ಲಿ ಹಿಡಿದದ್ದನ್ನು ಚೀಲಕ್ಕೆ ತುಂಬುತ್ತಾರೆ, ಸಣ್ಣ ಕಣ್ಣಿನದು ಗೋಡೆಗೆ ಒರಗಿರುತ್ತದೆ. ಹೇಳಿದರೆ ಅದರಲ್ಲಿಯೂ ಹಿಡಿದು ಕೊಡುತ್ತಾರೆ, ತುಸು ಹೊತ್ತು ಕಾಯಬೇಕು, ಬೆಲೆ ಅದೇ. ನವೆಂಬರ್‌ನಿಂದ ಮೇ ತಿಂಗಳೊಳಗೆ ಹೋಗಿ, ಸಣ್ಣ ಜರಡಿಯಲ್ಲಿ ಹಿಡಿಸಿ, ತಂದದ್ದನ್ನು ನೆರಳಿನಲ್ಲಿ ಒಂದು ವಾರ ಗೋಣಿ ಮುಚ್ಚಿ ಇಟ್ಟು, ಒಂದಕ್ಕೆ ಮೂರು ಮಣ್ಣು ಬೆರೆಸಿ ಬಳಸುವವರಿಗೆ ಕಿಲೋಗೆ 10 ರೂಪಾಯಿ ದುಬಾರಿಯಲ್ಲ. ಮಳೆಗಾಲದಲ್ಲಿ ಇದೇ ದರಕ್ಕೆ ಇದನ್ನು ನಾನು ಮತ್ತೆ ಕೊಳ್ಳುವುದಿಲ್ಲ.